ಮಗು ಓದುವ ಪುಸ್ತಕ ಬೇರೆ, ಮಗುವಿಗೆ ಓದಿ ಹೇಳುವ ಪುಸ್ತಕ ಬೇರೆ

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಶಿವಮೊಗ್ಗದ ಒಂದು ಪುಸ್ತಕ ಪ್ರದರ್ಶನದಲ್ಲಿ ದಪ್ಪ ಪುಸ್ತಕವೊಂದನ್ನು ತಗೊಂಡೆ. ಜಗತ್ತಿನ ಅದ್ಭುತಗಳ ಬಗ್ಗೆ. ಹೊಳೆಯುವ ಕಾಗದ, ಪುಟಪುಟಕ್ಕೂ ಬಣ್ಣದ ಚಿತ್ರ. ಜ್ವಾಲಾಮುಖಿ, ತಿಮಿಂಗಿಲ, ಪಿರಮಿಡ್ಡು, ಜಲಪಾತ ಎಲ್ಲಾ ಇತ್ತು. ಬೆಲೆಯೂ ಜಾಸ್ತಿಯೇ ಇತ್ತು. ಇದೊಂದು ಇದ್ದರೆ ನಾಲ್ಕು ವರ್ಷ ಚಿಂತೆ ಇಲ್ಲ ಅಂದುಕೊಂಡೆ.

ಮನೆಗೆ ಬಂದ ಕೂಡಲೇ ಮಗಳು ಒಂದು ಪುಟ ತೆಗೆದು ಜೋರಾಗಿ ಶುರು ಮಾಡಿದಳು. "ಭೂ... ಭೂಗ... ಭೂಗಭರ..." ಅಲ್ಲಿದ್ದ ಪದ ಭೂಗರ್ಭಶಾಸ್ತ್ರಜ್ಞರು. ಅರ್ಧ ನಿಮಿಷ ಅದರ ಜೊತೆ ಗುದ್ದಾಡಿದಳು. ಆಮೇಲೆ ಪುಸ್ತಕ ಮುಚ್ಚಿಟ್ಟು ಬೆಕ್ಕು ಹುಡುಕಿಕೊಂಡು ಹೋದಳು.

ಪುಸ್ತಕ ಕೆಟ್ಟದ್ದೇನೂ ಆಗಿರಲಿಲ್ಲ. ಅದು ಓದುವುದನ್ನೂ ಕಲಿಸಲಿ, ಲೋಕವನ್ನೂ ತೋರಿಸಲಿ, ತಲೆಯನ್ನೂ ಚುರುಕು ಮಾಡಲಿ ಅಂತ ನಾನೇ ಅದರ ಮೇಲೆ ಎಲ್ಲಾ ಹೊರೆ ಹೇರಿದ್ದೆ. ಆಮೇಲಿನ ನಾಲ್ಕು ವರ್ಷ ಮಗಳ ಜೊತೆ, ಮತ್ತೆ ತೀರ್ಥಹಳ್ಳಿ ಕಡೆಯ ನಮ್ಮೂರಿನ ಗ್ರಂಥಾಲಯಕ್ಕೆ ಬರುವ ಮಕ್ಕಳ ಜೊತೆ ಕೂತು ಓದಿದೆ. ಮಗು ತಾನೇ ಓದುವ ಪುಸ್ತಕವನ್ನು ಆರಿಸುವ ಅಳತೆ ಬೇರೆ, ನಾವು ಓದಿ ಹೇಳುವ ಪುಸ್ತಕವನ್ನು ಆರಿಸುವ ಅಳತೆಯೇ ಬೇರೆ ಅಂತ ಗೊತ್ತಾಗಿದ್ದು ಆಗ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಓದು ಅಂದರೇನು ಅಂತ ಸ್ವಲ್ಪ ಬಿಡಿಸಿ ನೋಡಬೇಕು. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಇದನ್ನು ಒಂದು ಚಿಕ್ಕ ಲೆಕ್ಕದ ಹಾಗೆ ಮುಂದಿಟ್ಟರು. ಅಕ್ಷರ ಬಿಡಿಸಿ ಓದುವುದು ಒಂದು ಶಕ್ತಿ. ಕಿವಿಗೆ ಬಿದ್ದ ಮಾತನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಇವೆರಡನ್ನೂ ಗುಣಿಸಿದರೆ ಬರುವುದು ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ. ಕೂಡಿಸಿದರೆ ಅಲ್ಲ, ಗುಣಿಸಿದರೆ. ಕೂಡುವ ಲೆಕ್ಕದಲ್ಲಿ ಒಂದು ಕಡಿಮೆ ಬಿದ್ದರೆ ಇನ್ನೊಂದು ತುಂಬಿಕೊಡುತ್ತದೆ. ಗುಣಾಕಾರದಲ್ಲಿ ಯಾವುದೋ ಒಂದು ಸೊನ್ನೆಯಾದರೆ ಸಾಕು, ಉತ್ತರವೂ ಸೊನ್ನೆ.

ಮೊದಲ ಶಕ್ತಿಯ ಕತೆ ಕನ್ನಡದಲ್ಲಿ ಸ್ವಲ್ಪ ಉದ್ದ. ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಅಷ್ಟಕ್ಕೇ ಮುಗಿಯಲ್ಲ. 34 ವ್ಯಂಜನಕ್ಕೂ ಕಾಗುಣಿತ ಹಾಕಿದರೆ 400 ದಾಟುತ್ತದೆ. ಆಮೇಲೆ ಒತ್ತಕ್ಷರ. ಕ, ಗ, ಡ ಒತ್ತುಗಳು ಮೂಲ ಅಕ್ಷರವನ್ನೇ ಹೋಲುತ್ತವೆ, ಪುಣ್ಯ. ಆದರೆ ತ, ನ, ಮ, ಯ, ರ, ಲ ಒತ್ತುಗಳಿಗೂ ಅವುಗಳ ಮೂಲಕ್ಕೂ ಸಂಬಂಧವೇ ಇಲ್ಲ ಅನ್ನಿಸುವಷ್ಟು ಬೇರೆ ರೂಪ. ಅರ್ಕಾವತ್ತಂತೂ ಮಕ್ಕಳಿಗೆ ಮೋಸವೇ ಮಾಡುತ್ತದೆ. "ಸೂರ್ಯ" ಬರೆಯುವಾಗ ರಕಾರದ ಗುರುತು ಯ ಆದ ಮೇಲೆ ಬರುತ್ತದೆ, ಹೇಳುವಾಗ ರಕಾರ ಯಕಾರಕ್ಕಿಂತ ಮೊದಲೇ ಬರಬೇಕು. ಕಣ್ಣಿಗೆ ಕಂಡ ಹಾಗೆ ಓದಿದ ಮಗು "ಸೂಯರ" ಅನ್ನುತ್ತದೆ. ನನ್ನ ಮಗಳು "ಭೂಗಭರ" ಅಂದಿದ್ದೂ ಇದೇ ಲೆಕ್ಕದಲ್ಲಿ. ಅವಳು ಕಂಡದ್ದನ್ನು ಕಂಡ ಹಾಗೇ ಓದಿದ್ದಳು.

ಕನ್ನಡ ಮಕ್ಕಳ ಓದಿನ ಬಗ್ಗೆ ಕೆಲಸ ಮಾಡಿರುವ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಅಂತ ತೋರಿಸಿದ್ದಾರೆ. ಹಾಗಾಗಿ ಮೂರನೇ ಕ್ಲಾಸಿನ ಮಗು ಒತ್ತಕ್ಷರದ ಹತ್ತಿರ ತಡವರಿಸಿದರೆ ಗಾಬರಿ ಬೀಳಬೇಕಾಗಿಲ್ಲ. ಪಕ್ಕದ ಮನೆಯ ಮಗು ಇಂಗ್ಲಿಷ್ ಪುಸ್ತಕ ಮುಗಿಸಿತಂತೆ ಅಂತ ಹೋಲಿಸುವುದೂ ಸುಮ್ನೆ ದಂಡ.

ಆದರೆ ಅಕ್ಷರ ಒಮ್ಮೆ ಕೂತಿತು ಅನ್ನಿ, ಕನ್ನಡ ಬೇರೆಯೇ ಆಟ ಆಡುತ್ತದೆ. ನಮ್ಮಲ್ಲಿ ಬರೆದ ಹಾಗೇ ಓದು. ಅರ್ಥ ಗೊತ್ತಿಲ್ಲದಿದ್ದರೂ ಏನನ್ನು ಬೇಕಾದರೂ ಗಟ್ಟಿಯಾಗಿ ಓದಿಬಿಡಬಹುದು. ಗ್ರಂಥಾಲಯದಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬ ದಿನಪತ್ರಿಕೆಯ ಸಂಪಾದಕೀಯವನ್ನು ಒಂದೇ ಉಸಿರಿಗೆ ಓದಿದ. "ವಿತ್ತೀಯ ಕೊರತೆ" ಕೂಡ ಎಡವದೆ ದಾಟಿದ. ಅವನ ಅಜ್ಜ ಖುಷಿಯಿಂದ ಸುತ್ತ ನೋಡಿದರು. "ಏನಂತೋ ವಿಷಯ?" ಅಂತ ಕೇಳಿದೆ. ಹುಡುಗ ನಕ್ಕ. ಲೆಕ್ಕದ ಮೊದಲ ಸಂಖ್ಯೆ ನೂರಕ್ಕೆ ನೂರು, ಎರಡನೆಯದು ಸೊನ್ನೆ. ಸರಾಗವಾಗಿ ಓದುತ್ತಾನೆ ಅಂತ ನಾವು ಮೋಸಹೋಗುವುದು ಇಲ್ಲೇ. ಓದಿ ಮುಗಿಸಿದ ಮೇಲೆ ಅವನದೇ ಮಾತಿನಲ್ಲಿ ಹೇಳಿಸಿ ನೋಡದಿದ್ದರೆ ಇದು ಗೊತ್ತೇ ಆಗುವುದಿಲ್ಲ.

ಈಗ ಪುಸ್ತಕಕ್ಕೆ ಬರೋಣ. ಮಗು ತಾನೇ ಓದುವ ಪುಸ್ತಕ ಸುಲಭ ಇರಬೇಕು. ನಮಗೆ ನಾಚಿಕೆಯಾಗುವಷ್ಟು ಸುಲಭ ಇದ್ದರೂ ಪರವಾಗಿಲ್ಲ. ಈಜು ಕಲಿಯುವವರನ್ನು ಯಾರೂ ತುಂಗೆಯ ಮಡುವಿಗೆ ಇಳಿಸಲ್ಲ, ಮೊಣಕಾಲುದ್ದದ ನೀರಿಗೆ ಬಿಡುತ್ತಾರೆ. ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಪುಸ್ತಕದ ನಡುವಿನ ಒಂದು ಪುಟ ಮಗುವಿನಿಂದ ಓದಿಸಿ. ಎಡವಿದ ಪದಕ್ಕೊಂದು ಬೆರಳು ಮಡಚಲಿ. ಐದೂ ಮಡಚಿದರೆ ಸದ್ಯಕ್ಕೆ ಆ ಪುಸ್ತಕ ಬೇಡ. ಇದು ಇಂಗ್ಲಿಷ್ ಓದಿಗಾಗಿ ಹುಟ್ಟಿದ ಅಂದಾಜು. ಕನ್ನಡಕ್ಕೆ ನಾನು ಅದನ್ನು ಬಿಗಿ ಮಾಡಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಐದಾರು ಪದ ಬೇಕಾಗುವ ಮಾತನ್ನು ನಾವು "ಹೋಗಬೇಕಾಗಿತ್ತಂತೆ" ಅಂತ ಒಂದೇ ಪದದಲ್ಲಿ ಮುಗಿಸುತ್ತೇವೆ. ಪುಟದಲ್ಲಿ ಪದ ಕಡಿಮೆ, ಒಂದೊಂದರ ಭಾರ ಜಾಸ್ತಿ. ಹತ್ತು ಹದಿನೈದು ಪದ ಇರುವ ಚಿತ್ರಪುಸ್ತಕದಲ್ಲಿ ಎರಡು ಬೆರಳು ಮಡಚಿದರೇ ನಾನು ವಾಪಸ್ ಇಡುತ್ತೇನೆ.

ಇನ್ನೊಂದನ್ನು ಹೆಚ್ಚಿನವರು ನೋಡುವುದೇ ಇಲ್ಲ, ಅಚ್ಚು. ಕನ್ನಡದ ಒತ್ತು ಸಾಲಿನ ಕೆಳಗೆ ನೇತಾಡುತ್ತದೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡವರ ಕಣ್ಣು ಅಂದಾಜಿನ ಮೇಲೆ ದಾಟಿಕೊಂಡು ಹೋಗುತ್ತದೆ, ಮಗುವಿನ ಕಣ್ಣಿಗೆ ಆ ಅಂದಾಜು ಇನ್ನೂ ಇಲ್ಲ. ದ-ಧ, ಬ-ಭ, ಡ-ಢ ಇವುಗಳ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಸಣ್ಣ ಅಚ್ಚಿನಲ್ಲಿ ಅದು ಮುಚ್ಚಿಯೇ ಹೋಗುತ್ತದೆ. ಹಾಗಾಗಿ ಪುಸ್ತಕ ಕೈಗೆ ತಗೊಂಡಾಗ ನಾನು ಮೊದಲು ಕತೆ ನೋಡಲ್ಲ, "ಸ್ತ್ರ" ಅಥವಾ "ಕ್ಷ್ಮ" ಎಲ್ಲಾದರೂ ಸಿಗುತ್ತಾ ಅಂತ ಹುಡುಕುತ್ತೇನೆ. ಅದು ಸ್ಪಷ್ಟವಾಗಿ ಕಂಡರೆ ಉಳಿದದ್ದೂ ಕಾಣುತ್ತದೆ. ಚಿತ್ರದ ಮೇಲೆಯೇ ಅಕ್ಷರ ಹಾಕಿದ ಪುಟಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಮಲೆನಾಡಿನವರಿಗೆ ಮಾತ್ರ ಒಂದು ಸಲಹೆ. ಕನ್ನಡಿಯ ಹಾಗೆ ಹೊಳೆಯುವ ಕಾಗದ ನಮ್ಮ ಜುಲೈಗೆ ಆಗಿಬರಲ್ಲ. ಥಂಡಿಗೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಾದಾ ಕಾಗದಕ್ಕೆ ಬೂಷ್ಟು ಹಿಡಿದರೂ ಒರೆಸಿ, ಒಲೆ ಹತ್ತಿರ ಒಣಗಿಸಿ ಓದಬಹುದು.

ಒಂದೇ ಮಾತು ಪುಟಪುಟಕ್ಕೂ ಮರಳಿ ಬರುವ ಕತೆಗಳು, ಪ್ರಾಸದ ಪದ್ಯಗಳು ಶುರುವಿನ ಓದಿಗೆ ತುಂಬಾ ಒಳ್ಳೆಯವು. ಮೂರನೇ ಸಲ ಬರುವಾಗ ಮಗು ಅದನ್ನು ಓದುತ್ತಿದೆಯೋ ನೆನಪಿನಿಂದ ಹೇಳುತ್ತಿದೆಯೋ ಗೊತ್ತಾಗಲ್ಲ, ಗೊತ್ತಾಗಬೇಕಾಗೂ ಇಲ್ಲ. ಕಣ್ಣು ಅಕ್ಷರದ ಮೇಲೆ ಇದ್ದರೆ ಸಾಕು. ಅದೇ ಪುಸ್ತಕ ಹತ್ತು ಸಲ ಓದಿದರೂ ಓದಲಿ. ಕಾಮಿಕ್ಸ್ ಬೇಡ, ಪತ್ತೇದಾರಿ ಬೇಡ ಅನ್ನುವವರ ಜೊತೆ ನಾನು ವಾದಕ್ಕೆ ಹೋಗಲ್ಲ, ಆದರೆ ನಮ್ಮನೆಯಲ್ಲಿ ಎರಡೂ ಇವೆ.

ಓದಿ ಹೇಳುವ ಪುಸ್ತಕದ ವಿಷಯದಲ್ಲಿ ಇದೆಲ್ಲಾ ತಿರುವುಮುರುವು. ಅಲ್ಲಿ ಕಷ್ಟದ ಪದ ಇರಲಿ, ಉದ್ದದ ವಾಕ್ಯ ಇರಲಿ. ಅಕ್ಷರ ಬಿಡಿಸುವ ಹೊರೆ ನಮ್ಮ ಮೇಲೆ ಇರುತ್ತದೆ, ಮಗುವಿನ ತಲೆ ಪೂರ್ತಿಯಾಗಿ ಅರ್ಥದ ಕಡೆಗೇ ಬಿಡುವಾಗಿರುತ್ತದೆ. ಲೆಕ್ಕದ ಎರಡನೇ ಸಂಖ್ಯೆ ಬೆಳೆಯುವುದು ಹೀಗೆ. ಕನ್ನಡಕ್ಕೆ ಇದು ಇನ್ನೂ ಬೇಕು, ಯಾಕೆಂದರೆ ಪುಸ್ತಕದ ಕನ್ನಡವನ್ನು ಯಾವ ಮನೆಯಲ್ಲೂ ಮಾತಾಡಲ್ಲ. ಮನೆಯಲ್ಲಿ "ಹೋಗ್ತಾನೆ", ಪುಸ್ತಕದಲ್ಲಿ "ಹೋಗುತ್ತಾನೆ". ಮನೆಯಲ್ಲಿ ಉರ್ದು, ಕೊಂಕಣಿ, ಲಂಬಾಣಿ, ತುಳು ಆಡುವ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಇದ್ದಾರೆ. ಅವರ ಕಿವಿಗೆ ಆ ಕನ್ನಡ ಬೀಳುವುದಕ್ಕೆ ಶಾಲೆ ಬಿಟ್ಟರೆ ಇದೇ ದಾರಿ. ಮಗುವಿಗೆ ಓದಲು ಬಂತು, ಇನ್ನು ನಾನು ಓದಿ ಹೇಳಬೇಕಾಗಿಲ್ಲ ಅಂತ ಎರಡನೇ ಕ್ಲಾಸಿಗೇ ನಿಲ್ಲಿಸುವವರು ಇದ್ದಾರಲ್ಲ, ಅವರು ಓದಿ ಹೇಳುವುದು ಹೆಚ್ಚು ಬೇಕಾದ ಹೊತ್ತಿನಲ್ಲೇ ನಿಲ್ಲಿಸುತ್ತಾರೆ.

ಯಾವ ವಿಷಯದ ಪುಸ್ತಕ? ಇಲ್ಲಿ ಒಂದು ಹಳೆಯ ಪ್ರಯೋಗ ನೆನಪಾಗುತ್ತದೆ. 1988ರಲ್ಲಿ ಅಮೆರಿಕದಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ವಿಷಯ ಗೊತ್ತಿದ್ದರೆ ಓದು ತಾನಾಗಿ ಮೇಲೇರುತ್ತದೆ.

ನಮಗೆ ಬೇಸ್‌ಬಾಲ್ ಯಾಕೆ, ಅಡಿಕೆಯೇ ಸಾಕು. ಒಂದು ರಜೆಯಲ್ಲಿ ಮಗಳೂ ಬೆಂಗಳೂರಿನಿಂದ ಬಂದಿದ್ದ ಅವಳ ಅಣ್ಣನೂ ಒಂದೇ ಕತೆ ಓದುತ್ತಿದ್ದರು. "ಕೊನೆಗಾರ ಕೊನೆ ಇಳಿಸಿದ" ಅಂತ ಒಂದು ಸಾಲು. ಅವನು ಓದಿನಲ್ಲಿ ಇವಳಿಗಿಂತ ಎರಡು ವರ್ಷ ಮುಂದೆ. ಆ ಸಾಲಿನ ಹತ್ತಿರ ನಿಂತು, "ಕೊನೆ ಅಂದ್ರೆ ಲಾಸ್ಟ್ ಅಲ್ವಾ? ಲಾಸ್ಟ್ ಹೇಗೆ ಇಳಿಸ್ತಾನೆ?" ಅಂದ. ಇವಳು ಪುಸ್ತಕದಿಂದ ತಲೆ ಎತ್ತದೆ, "ಅಡಿಕೆ ಗೊನೆ ಕಣೋ. ಹಗ್ಗದಲ್ಲಿ ಬಿಡ್ತಾರಲ್ಲ" ಅಂದಳು. ಮುಂದೆ ಚೊಗರು, ತಟ್ಟಿ, ಅಟ್ಟ ಅಂತ ಅಡಿಕೆ ಬೇಯಿಸಿ ಒಣಗಿಸುವ ಮಾತುಗಳೆಲ್ಲಾ ಬಂತು. ಅವನು ಪದ ಓದುತ್ತಿದ್ದ. ಇವಳಿಗೆ ಅಡಿಕೆ ಬೇಯುವ ವಾಸನೆ ಬರುತ್ತಿತ್ತು.

ಹಾಗಂತ ಮಲೆನಾಡಿನ ಮಕ್ಕಳಿಗೆ ಅಡಿಕೆಯ ಕತೆಯನ್ನೇ ಕೊಡಿ ಅಂತಲ್ಲ. ಗೊತ್ತಿದ್ದ ಕಡೆ ಒಂದು ಕಾಲು ಊರಿಕೊಂಡು ಗೊತ್ತಿಲ್ಲದ ಕಡೆಗೆ ಇನ್ನೊಂದು ಕಾಲು ಇಡಿಸುವ ಪುಸ್ತಕ ಹುಡುಕಬೇಕು. ಇಂಬಳ, ಅಂದರೆ ಜಿಗಣೆ, ನಮ್ಮ ಮಕ್ಕಳಿಗೆ ಹೊಸದೇ? ಉಪ್ಪು ಹಾಕಿದರೆ ಬಿಡುತ್ತದೆ ಅಂತ ಮೂರು ವರ್ಷದ ಮಗುವಿಗೂ ಗೊತ್ತು. ಆದರೆ ಅದು ಬಿಟ್ಟ ಮೇಲೂ ರಕ್ತ ಯಾಕೆ ಹರಿಯುತ್ತಲೇ ಇರುತ್ತದೆ? ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇದೆ ಅಂತ ಒಂದು ಪುಸ್ತಕ ಹೇಳಿದರೆ, ಮಗು ತನ್ನ ಕಾಲಿನ ಹಳೆಯ ಕಲೆ ನೋಡಿಕೊಳ್ಳುತ್ತದೆ. ಆ ಪುಸ್ತಕವನ್ನು ಮರೆಯಲ್ಲ. ಮಂಗಟ್ಟೆ ಹಕ್ಕಿ, ಚಗಳಿ ಇರುವೆಯ ಗೂಡು, ಆಗುಂಬೆಯ ಕಾಳಿಂಗ ಸರ್ಪ, ಲಿಂಗನಮಕ್ಕಿಯ ಕರೆಂಟು ಎಲ್ಲಕ್ಕೂ ಇದೇ ಮಾತು. ಅಮೆರಿಕದ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಮಕ್ಕಳ ಪುಸ್ತಕಗಳನ್ನು ಬೇರೆಯವರ ಬದುಕು ಕಾಣಿಸುವ ಕಿಟಕಿಗೂ ನಮ್ಮದೇ ಬದುಕು ಕಾಣಿಸುವ ಕನ್ನಡಿಗೂ ಹೋಲಿಸಿದ್ದರು. ನಮ್ಮೂರಿನ ಕಪಾಟಿನಲ್ಲಿ ಹಿಮ ಬೀಳುವ ಕಿಟಕಿ ತುಂಬಾ ಇವೆ, ಮಳೆ ಬೀಳುವ ಕನ್ನಡಿ ಕಡಿಮೆ.

ಇನ್ನು ಯೋಚನೆ. "ಬುದ್ಧಿ ಬೆಳೆಸುವ ಕತೆಗಳು" ಅಂತ ರಕ್ಷಾಪುಟದ ಮೇಲೆ ಬರೆದಿದ್ದರೆ ನಾನು ಸ್ವಲ್ಪ ಅನುಮಾನದಿಂದಲೇ ತೆಗೆಯುತ್ತೇನೆ. ಹೆಚ್ಚಾಗಿ ಅದರಲ್ಲಿ ಪ್ರತಿ ಕತೆಯ ಕೆಳಗೂ ದಪ್ಪ ಅಕ್ಷರದಲ್ಲಿ "ನೀತಿ" ಅಂತ ಒಂದು ಸಾಲು ಇರುತ್ತದೆ. ಯೋಚನೆ ಮಾಡಬೇಕಾಗಿದ್ದು ಮಗು, ಮಾಡಿ ಮುಗಿಸಿದವರು ಪ್ರಕಾಶಕರು. ಅಂಥ ಪುಸ್ತಕ ಮನೆಯಲ್ಲಿದ್ದರೆ ಎಸೆಯಬೇಡಿ, ನೀತಿಯ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಓದಿ. ಮಂಗ ಮತ್ತು ಮೊಸಳೆಯ ಕತೆಯನ್ನು ಹೀಗೆ ಓದಿದೆ. ಕೆಳಗೆ ಬರೆದಿದ್ದುದು ಆಪತ್ತಿನಲ್ಲಿ ಬುದ್ಧಿ ಓಡಿಸಬೇಕು ಅಂತ. ಗ್ರಂಥಾಲಯದ ಮಕ್ಕಳ ಗಮನ ಅಲ್ಲಿ ಇರಲೇ ಇಲ್ಲ. "ಮೊಸಳೆಗೆ ಮಂಗ ದಿನಾ ಹಣ್ಣು ಕೊಡ್ತಿತ್ತು. ಮೊಸಳೆ ಮಂಗಕ್ಕೆ ಏನು ಕೊಡ್ತಿತ್ತು?" ಅಂತ ಒಬ್ಬಳು ಕೇಳಿದಳು. ಅರ್ಧ ಗಂಟೆ ಅದರ ಮೇಲೇ ಗಲಾಟೆ ನಡೆಯಿತು. ಅದು ಗೆಳೆತನವೇ ಅಲ್ಲ ಅಂತ ಕೆಲವರು, ಬೆನ್ನ ಮೇಲೆ ಕೂರಿಸಿಕೊಂಡಿತಲ್ಲ ಅಂತ ಕೆಲವರು.

ಕತೆ ಎಲ್ಲವನ್ನೂ ಹೇಳದೆ ಒಂದು ಕಡೆ ಬಾಯಿ ಮುಚ್ಚಿಕೊಂಡರೆ ಮಗು ಬಾಯಿ ತೆಗೆಯುತ್ತದೆ. ಕುಪ್ಪಳಿಯ ಕುವೆಂಪು ಬರೆದ "ಬೊಮ್ಮನಹಳ್ಳಿಯ ಕಿಂದರಿಜೋಗಿ" ಇದಕ್ಕೆ ಹೇಳಿ ಮಾಡಿಸಿದ ಪದ್ಯ. ಜರ್ಮನಿಯ ಹ್ಯಾಮೆಲಿನ್ ಊರಿನ ಕತೆಯನ್ನು ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇಂಗ್ಲಿಷ್ ಪದ್ಯ ಮಾಡಿ ಪ್ರಕಟಿಸಿದ. ಕುವೆಂಪು ಅದನ್ನು ತಂದು ತುಂಗೆಯ ದಡದಲ್ಲಿ ಕೂರಿಸಿದರು. ಇಲಿಗಳ ಮೆರವಣಿಗೆಗೆ ಮಕ್ಕಳು ನಗುತ್ತಾರೆ, ಪದಗಳ ಓಟಕ್ಕೆ ಕುಣಿಯುತ್ತಾರೆ. ಕೊನೆಗೆ ಬರುತ್ತದೆ ಪೇಚು. ಕೊಟ್ಟ ಮಾತಿಗೆ ತಪ್ಪಿದ್ದು ಗೌಡ. ಊರು ಬಿಟ್ಟು ಹೋದದ್ದು ಮಕ್ಕಳು. "ಜೋಗಿ ಮಾಡಿದ್ದು ಸರಿನಾ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನೆ ಕೂತುಬಿಡಿ. ಕೂರುವುದೇ ಕಷ್ಟ. ನಮಗೆ ಉತ್ತರ ಹೇಳಿಬಿಡುವ ಚಟ.

ಪ್ರಶ್ನೆ ಒಂದು ಕತೆಗೆ ಒಂದು ಸಾಕು. ಹತ್ತು ಕೇಳಿದರೆ ಪರೀಕ್ಷೆ ಆಗುತ್ತದೆ. "ಮಂಗ ಯಾವ ಮರದ ಮೇಲಿತ್ತು?" ಅನ್ನೋದು ನೆನಪಿನ ಪ್ರಶ್ನೆ. ಅದನ್ನು ಶಾಲೆಗೆ ಬಿಡಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದ ಮಾತು "ನಿಂಗೆ ಹೇಗೆ ಗೊತ್ತಾಯ್ತು?" ಅನ್ನೋದು. ಅಜ್ಜಿಗೆ ಬೇಜಾರಾಗಿದೆ ಅಂತ ಮಗು ಹೇಳಿತು ಅನ್ನಿ, ಪುಸ್ತಕದಲ್ಲಿ ಎಲ್ಲೂ ಹಾಗೆ ಬರೆದಿರಲ್ಲ. ಆಗ ಮಗು ಪುಟ ಹಿಂದೆ ತಿರುಗಿಸಿ, ಚಿತ್ರದಲ್ಲಿ ತಣ್ಣಗಾದ ಕಾಫಿ ಲೋಟ ತೋರಿಸುತ್ತದೆ. ಸಾಕ್ಷಿ ಹುಡುಕಿ ತೋರಿಸುವುದು ಅಂದರೆ ಅದೇ.

ಇಷ್ಟಕ್ಕೆಲ್ಲಾ ದುಡ್ಡು ಸುರಿಯಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳ ಬೆಲೆ ಕಡಿಮೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಪುಕ್ಕಟೆ. ಓದಿನ ಮಟ್ಟವನ್ನು ನಾಲ್ಕಾಗಿ ವಿಂಗಡಿಸಿ ಇಟ್ಟಿದ್ದಾರೆ. ಒಂದನೇ ಎರಡನೇ ಮಟ್ಟದ್ದು ಮಗುವಿನ ಕೈಗೆ, ಮೂರು ನಾಲ್ಕನೆಯದು ನಮ್ಮ ಬಾಯಿಗೆ ಅಂತ ಹಂಚಿಕೊಂಡರೂ ಆಯಿತು. ಅನುವಾದದ ಕತೆಗಳಲ್ಲಿ ಕೆಲವದರ ಕನ್ನಡ ಗಟ್ಟಿ ಕಡುಬಿನ ಹಾಗೆ ಇರುತ್ತದೆ. ಒಂದು ಪುಟ ನೀವೇ ಜೋರಾಗಿ ಓದಿ ನೋಡಿ, ನಾಲಿಗೆ ತೊಡರಿದರೆ ಬಿಟ್ಟುಬಿಡಿ.

ಆ ದಪ್ಪ ಪುಸ್ತಕ ಎಲ್ಲಿ ಹೋಯಿತು ಅಂದರೆ, ನಾಲ್ಕು ವರ್ಷ ಕಪಾಟಿನ ಮೇಲೇ ಇತ್ತು. ಕಳೆದ ಮಳೆಗಾಲದಲ್ಲಿ ಮೂರು ದಿನ ಶಾಲೆಗೆ ರಜೆ, ಕರೆಂಟೂ ಇಲ್ಲ. ಮಗಳು ಅದನ್ನು ಇಳಿಸಿದಳು. ಪುಟಗಳು ಅಂಟಿಕೊಂಡಿದ್ದವು. ಸ್ಟೀಲ್ ಸ್ಕೇಲ್ ತೂರಿಸಿ ಮೆಲ್ಲಗೆ ಬಿಡಿಸಿದ್ದಕ್ಕೆ ಜಲಪಾತದ ಪುಟ ತೆರೆದುಕೊಂಡಿತು, ಅರ್ಧ ಚಿತ್ರ ಎದುರು ಪುಟಕ್ಕೆ ಹತ್ತಿ ಹೋಗಿತ್ತು. "ನೀನೇ ಓದು" ಅಂದಳು. ಟಾರ್ಚ್ ಹಿಡಿದು ಓದಿದೆ. ವೆನೆಜುವೆಲಾದ ಏಂಜೆಲ್ ಜಲಪಾತ, ಎತ್ತರ 979 ಮೀಟರ್.

"ಜೋಗ ಎಷ್ಟು?"

"253."

ಬೆರಳು ಮಡಚಿ ಲೆಕ್ಕ ಹಾಕಿದಳು. ನಾಲ್ಕು ಜೋಗಕ್ಕೆ ಸ್ವಲ್ಪ ಕಮ್ಮಿ. ಹೊರಗೆ ಮಳೆ ಹೊಯ್ಯುತ್ತಿತ್ತು. ಫೆಬ್ರವರಿಯಲ್ಲಿ ನಾವು ಜೋಗಕ್ಕೆ ಹೋಗಿದ್ದಾಗ ನೀರು ತೆಳ್ಳಗಿತ್ತು, ರಾಕೆಟ್ ಅನ್ನೋ ಕವಲಂತೂ ಅರ್ಧ ದಾರಿಯಲ್ಲೇ ಗಾಳಿಗೆ ಚದುರುತ್ತಿತ್ತು.

"ಹಾಗಾದ್ರೆ ಅಲ್ಲಿ ಬೇಸಿಗೇಲಿ ನೀರು ಕೆಳಗೆ ಮುಟ್ಟೋದೇ ಇಲ್ಲ. ಮಧ್ಯದಲ್ಲೇ ಹೊಗೆ ಆಗಿ ಹೋಗುತ್ತೆ" ಅಂದಳು.

ಅಂಟಿದ್ದ ಕಾಗದದ ಚೂರನ್ನು ಉಗುರಿನಿಂದ ಕೆರೆದು ಮುಂದಿನ ಸಾಲು ಓದಿದೆ. ಅದನ್ನೇ ಬರೆದಿದ್ದರು.